ಬ್ರೌಸರ್ ಕುಕಿ: ಜುಟ್ಟು ಯಾರ ಕೈಯಲ್ಲಿ?

ಮನೆಗೊಂದು ಮಿಕ್ಸಿ ಕೊಳ್ಳಬೇಕೆಂದು ಯಾವುದೋ ಮಾರಾಟ ತಾಣದಲ್ಲಿ ನಾಲ್ಕಾರು ಮಾದರಿಗಳನ್ನು ನೋಡಿ, ಬೆಲೆ ಹೊಂದದೆ ಸುಮ್ಮನಾದವರ ಅನುಭವ ಹೆಚ್ಚುಕಡಿಮೆ ಒಂದೇ ಬಗೆಯದು. ಮರುದಿನ ಬೆಳಿಗ್ಗೆ ಕ್ರಿಕೆಟ್ ಸ್ಕೋರು ನೋಡಲು ಬೇರೊಂದು ತಾಣವನ್ನು ತೆರೆದರೆ ಪುಟದ ಪಕ್ಕದಲ್ಲಿ ಅದೇ ಮಿಕ್ಸಿ. ಸಂಜೆ ಅಡುಗೆಯ ವಿಧಾನ ಓದಲು ಹೋದರೆ ಅಲ್ಲಿಯೂ ಅದೇ ಮಿಕ್ಸಿ. ಅಂಗಡಿಗೆ ಹೋಗಿ ಕೊಂಡು ತಂದ ಮೇಲೂ ಜಾಹೀರಾತು ವಾರಗಟ್ಟಲೆ ಬೆನ್ನು ಬಿಡುವುದಿಲ್ಲ.

ಫೋನು ಮನೆಮಂದಿಯ ಮಾತನ್ನು ಕದ್ದು ಕೇಳುತ್ತಿದೆಯೇ ಎಂದು ಹಲವರು ಶಂಕಿಸುತ್ತಾರೆ. ಇಂಥ ಪ್ರಸಂಗಗಳನ್ನು ವಿವರಿಸಲು ಅಷ್ಟು ದೂರ ಹೋಗಬೇಕಾಗಿಲ್ಲ. ಬ್ರೌಸರ್ ತಂತ್ರಾಂಶದೊಳಗೆ ಕುಳಿತಿರುವ, 4 ಕಿಲೋಬೈಟಿಗಿಂತ ದೊಡ್ಡದಾಗಿರದ ಒಂದು ಪಠ್ಯದ ತುಣುಕು ಈ ಕೆಲಸವನ್ನು ಮಾಡಬಲ್ಲದು. ಅದರ ಹೆಸರು ಕುಕಿ. ಬೇಕರಿಯ ಬಿಸ್ಕತ್ತಿಗೂ ಇದಕ್ಕೂ ನಂಟಿಲ್ಲ. ಯುನಿಕ್ಸ್ ಗಣಕಗಳ ಪ್ರೋಗ್ರಾಮರುಗಳು ಒಂದು ಪ್ರೋಗ್ರಾಮಿನಿಂದ ಇನ್ನೊಂದಕ್ಕೆ ದಾಟಿಸುವ ಗುರುತನ್ನು ‘ಮ್ಯಾಜಿಕ್ ಕುಕಿ’ ಎಂದು ಕರೆಯುತ್ತಿದ್ದರು. ಹೆಸರು ಅಲ್ಲಿಂದ ಬಂದಿದೆ.

ಚಪ್ಪಲಿ ಸ್ಟ್ಯಾಂಡಿನ ಟೋಕನ್

ಅಂತರಜಾಲದ ಪುಟಗಳನ್ನು ಸಾಗಿಸುವ ಎಚ್‌ಟಿಟಿಪಿ ಎಂಬ ವ್ಯವಸ್ಥೆಗೆ ನೆನಪಿನ ಶಕ್ತಿ ಇಲ್ಲ. ಬ್ರೌಸರ್ ಒಂದು ಪುಟ ಕೇಳುತ್ತದೆ, ಸರ್ವರ್ ಕೊಡುತ್ತದೆ, ಅಲ್ಲಿಗೆ ವ್ಯವಹಾರ ಮುಗಿಯಿತು. ಅರ್ಧ ನಿಮಿಷದ ಬಳಿಕ ಅದೇ ವ್ಯಕ್ತಿ ಎರಡನೆಯ ಪುಟ ಕೇಳಿದರೆ ಸರ್ವರಿನ ಪಾಲಿಗೆ ಆತ ಹೊಸಬ. ಹೀಗಿದ್ದರೆ ಪ್ರತಿ ಪುಟಕ್ಕೂ ಪಾಸ್‌ವರ್ಡ್ ಕೊಡಬೇಕಾಗುತ್ತದೆ. ಖರೀದಿಯ ಬುಟ್ಟಿಗೆ ಹಾಕಿದ ಸಾಮಾನು ಮುಂದಿನ ಪುಟದ ಹೊತ್ತಿಗೆ ಮಾಯವಾಗಿರುತ್ತದೆ.

ಈ ತೊಡಕಿಗೆ ಕಂಡುಕೊಂಡ ಪರಿಹಾರ ನಮ್ಮ ದೇವಸ್ಥಾನಗಳ ಚಪ್ಪಲಿ ಸ್ಟ್ಯಾಂಡಿನ ಟೋಕನ್ನನ್ನು ಹೋಲುತ್ತದೆ. ಟೋಕನ್ನಿನ ಮೇಲೆ ಇರುವುದು ಒಂದು ಸಂಖ್ಯೆ ಮಾತ್ರ. ಚಪ್ಪಲಿ ಇರುವುದು ಸ್ಟ್ಯಾಂಡಿನಲ್ಲಿ. ಭಕ್ತರು ಹಿಂದಿರುಗಿ ಟೋಕನ್ ತೋರಿಸಿದಾಗ ಅಲ್ಲಿನವರು ಸಂಖ್ಯೆ ನೋಡಿ ಚಪ್ಪಲಿ ತೆಗೆದುಕೊಡುತ್ತಾರೆ. ಜಾಲತಾಣವೂ ಮೊದಲ ಭೇಟಿಯಲ್ಲಿ ಬ್ರೌಸರಿಗೆ ಒಂದು ಗುರುತಿನ ಸಂಖ್ಯೆಯನ್ನು ಕೊಟ್ಟು ಕಳುಹಿಸುತ್ತದೆ. ಆ ತಾಣಕ್ಕೆ ಮತ್ತೆ ಹೋದಾಗಲೆಲ್ಲ ಬ್ರೌಸರ್ ತಾನಾಗಿಯೇ ಆ ಸಂಖ್ಯೆಯನ್ನು ತೋರಿಸುತ್ತದೆ. ಬಳಕೆದಾರರ ಹೆಸರು, ವಿಳಾಸ, ಬುಟ್ಟಿಯ ಸಾಮಾನು ಮೊದಲಾದ ವಿವರಗಳು ಸಾಮಾನ್ಯವಾಗಿ ತಾಣದ ಸರ್ವರಿನಲ್ಲಿರುತ್ತವೆಯೇ ಹೊರತು ಕುಕಿಯಲ್ಲಲ್ಲ. ಒಂದು ತಾಣ ಕೊಟ್ಟ ಕುಕಿಯನ್ನು ಇನ್ನೊಂದು ತಾಣಕ್ಕೆ ಬ್ರೌಸರ್ ತೋರಿಸುವುದೂ ಇಲ್ಲ.

ಕುಕಿಗಳಲ್ಲಿ ಅಲ್ಪಾಯುಷಿಗಳೂ ಇವೆ, ದೀರ್ಘಾಯುಷಿಗಳೂ ಇವೆ. ಬ್ರೌಸರ್ ಮುಚ್ಚಿದೊಡನೆ ಅಳಿಯಬೇಕಾದವು ಸೆಷನ್ ಕುಕಿಗಳು. ಇನ್ನು ಕೆಲವಕ್ಕೆ ತಾಣವೇ ಕೊನೆಯ ದಿನಾಂಕವನ್ನು ನಿಗದಿ ಮಾಡುತ್ತದೆ. ಹಿಂದೆ ಹತ್ತಿಪ್ಪತ್ತು ವರ್ಷಗಳ ದಿನಾಂಕ ಹಾಕಿ ಕಳುಹಿಸುವ ತಾಣಗಳೂ ಇದ್ದವು. 2022ರಿಂದ ಕ್ರೋಮ್ ಬ್ರೌಸರ್ ಈ ಆಯುಷ್ಯಕ್ಕೆ ಗರಿಷ್ಠ 400 ದಿನಗಳ ಮಿತಿ ಹಾಕಿದೆ. ಕುಕಿ ಎಂದರೆ ವೈರಸ್ ಎಂಬ ನಂಬಿಕೆ ಇನ್ನೂ ಅಲ್ಲಲ್ಲಿ ಉಳಿದಿದೆ. ಅದು ನಿಜವಲ್ಲ. ಅದು ಬರಿಯ ಪಠ್ಯ, ತಾನಾಗಿ ಓಡುವ ಪ್ರೋಗ್ರಾಮಲ್ಲ.

ಹುಟ್ಟಿದ್ದು ಬುಟ್ಟಿಗಾಗಿ

ಕುಕಿಯನ್ನು ರೂಪಿಸಿದವರು ಅಮೆರಿಕದ ನೆಟ್‌ಸ್ಕೇಪ್ ಸಂಸ್ಥೆಯ ಎಂಜಿನಿಯರ್ ಲೂ ಮೊಂಟುಲ್ಲಿ. ಅದು 1994ನೇ ಇಸವಿ. ದೂರವಾಣಿ ಸಂಸ್ಥೆ ಎಂಸಿಐಗಾಗಿ ನೆಟ್‌ಸ್ಕೇಪ್ ಒಂದು ಆನ್‌ಲೈನ್ ಮಾರಾಟ ವ್ಯವಸ್ಥೆಯನ್ನು ಸಿದ್ಧಪಡಿಸುತ್ತಿತ್ತು. ಅರ್ಧಕ್ಕೆ ನಿಂತ ಖರೀದಿಗಳ ಲೆಕ್ಕವನ್ನು ತನ್ನ ಸರ್ವರುಗಳಲ್ಲಿ ಹೊತ್ತುಕೊಳ್ಳಲು ಎಂಸಿಐ ಸಿದ್ಧವಿರಲಿಲ್ಲ. ಆ ಹೊರೆಯನ್ನು ಗ್ರಾಹಕರ ಗಣಕಯಂತ್ರದಲ್ಲೇ ಇಡುವ ಉಪಾಯವಾಗಿ ಕುಕಿ ಬಂತು.

ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಪ್ರತಿಯೊಂದು ಬ್ರೌಸರಿಗೂ ಒಂದು ಶಾಶ್ವತ ಸಂಖ್ಯೆಯನ್ನು ಕೊಟ್ಟುಬಿಡುವುದು ಆಗ ಇದ್ದ ಸುಲಭದ ದಾರಿ. ಆದರೆ ಹಾಗೆ ಮಾಡಿದರೆ ಯಾರು ಯಾವ ತಾಣದಿಂದ ಯಾವ ತಾಣಕ್ಕೆ ಹೋದರೆಂಬುದನ್ನು ಜೋಡಿಸಿ ನೋಡಬಹುದೆಂಬ ಕಾರಣಕ್ಕೆ ಮೊಂಟುಲ್ಲಿ ಅದನ್ನು ಬೇಡವೆಂದರು. ತಾಣಕ್ಕೊಂದು ಪ್ರತ್ಯೇಕ ಟೋಕನ್ ಎಂಬ ಕಟ್ಟುಪಾಡು ಬಂದದ್ದು ಹೀಗೆ. ಜನರ ಜಾಡು ಹಿಡಿಯಬಾರದೆಂಬ ಉದ್ದೇಶದಿಂದ ಕಟ್ಟಿದ ಬೇಲಿ ಇದು. ಆ ಬೇಲಿಯಲ್ಲಿ ಒಂದು ಕಂಡಿ ಉಳಿದುಬಿಟ್ಟಿತು.

ಮೂರನೆಯವರ ಪ್ರವೇಶ

ಒಂದು ಪುಟದ ಎಲ್ಲ ಭಾಗಗಳೂ ಒಂದೇ ಸರ್ವರಿನಿಂದ ಬರಬೇಕೆಂದಿಲ್ಲ. ಸುದ್ದಿ ಒಂದು ಕಡೆಯಿಂದ, ವಿಡಿಯೊ ಇನ್ನೊಂದು ಕಡೆಯಿಂದ, ಜಾಹೀರಾತು ಮತ್ತೊಂದು ಸಂಸ್ಥೆಯ ಗಣಕದಿಂದ ಬರಬಹುದು. ಆ ಜಾಹೀರಾತಿನ ಚಿತ್ರವನ್ನು ತರಲು ಹೋದ ಬ್ರೌಸರಿನ ಕೈಗೆ ಜಾಹೀರಾತು ಸಂಸ್ಥೆಯೂ ತನ್ನದೊಂದು ಟೋಕನ್ ಕೊಡುತ್ತದೆ. ಅದೇ ಸಂಸ್ಥೆಯ ಜಾಹೀರಾತು ಸಾವಿರ ತಾಣಗಳಲ್ಲಿದ್ದರೆ, ಸಾವಿರ ಕಡೆಯೂ ಬ್ರೌಸರ್ ಅದೇ ಟೋಕನ್ನನ್ನು ತೋರಿಸುತ್ತದೆ. ಇದಕ್ಕೆ ಥರ್ಡ್ ಪಾರ್ಟಿ ಕುಕಿ, ಅಂದರೆ ಮೂರನೆಯವರ ಕುಕಿ, ಎಂದು ಹೆಸರು.

ನಾಡಿನ ನೂರು ದೇವಸ್ಥಾನಗಳ ಚಪ್ಪಲಿ ಸ್ಟ್ಯಾಂಡುಗಳನ್ನು ಒಬ್ಬನೇ ಗುತ್ತಿಗೆದಾರ ಹಿಡಿದು, ಒಬ್ಬೊಬ್ಬ ಭಕ್ತರಿಗೂ ಎಲ್ಲ ಕಡೆ ಒಂದೇ ಸಂಖ್ಯೆಯ ಟೋಕನ್ ಕೊಟ್ಟರೆ ಏನಾದೀತು? ಯಾವ ಸೋಮವಾರ ಎಲ್ಲಿ, ಯಾವ ಶನಿವಾರ ಎಲ್ಲಿ, ಎಷ್ಟು ಹೊತ್ತು ಎಂಬ ಪಟ್ಟಿ ಅವನ ಬಳಿ ತಯಾರಾಗುತ್ತದೆ. ಅದಕ್ಕೆ ಭಕ್ತರ ಹೆಸರೂ ಬೇಕಾಗಿಲ್ಲ. ಮಿಕ್ಸಿ ಬೆನ್ನು ಹತ್ತುವ ಗುಟ್ಟು ಇದೇ. ಮಿಕ್ಸಿಯಾದರೆ ನಕ್ಕು ಸುಮ್ಮನಿರಬಹುದು. ಅದೇ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆಯ ಬಗ್ಗೆ ಓದಿದ ಪುಟ, ಸಾಲದ ಬಡ್ಡಿ ಲೆಕ್ಕ ಹಾಕಿದ ಪುಟ, ವಿಚ್ಛೇದನದ ಕಾನೂನು ಹುಡುಕಿದ ಪುಟಗಳೂ ಸೇರಿರುತ್ತವೆ ಎಂಬುದೇ ಆತಂಕದ ಸಂಗತಿ.

1996ರಲ್ಲಿ ಆರಂಭವಾದ ಡಬಲ್‌ಕ್ಲಿಕ್ ಎಂಬ ಅಮೆರಿಕದ ಸಂಸ್ಥೆ ಈ ಕಂಡಿಯನ್ನು ದೊಡ್ಡ ಉದ್ಯಮವನ್ನಾಗಿ ಬೆಳೆಸಿತು. ಅದನ್ನು 310 ಕೋಟಿ ಡಾಲರುಗಳಿಗೆ ಗೂಗಲ್ ಕೊಂಡು, 2008ರ ಮಾರ್ಚ್‌ನಲ್ಲಿ ಖರೀದಿ ಪೂರ್ಣಗೊಂಡಿತು. ಎಚ್ಚರಿಕೆಯ ಗಂಟೆ ಅದಕ್ಕಿಂತ ಬಹಳ ಮೊದಲೇ ಬಾರಿಸಿತ್ತು. 1997ರ ಫೆಬ್ರುವರಿಯಲ್ಲಿ ಪ್ರಕಟವಾದ ಕುಕಿಗಳ ಮೊದಲ ಅಧಿಕೃತ ತಾಂತ್ರಿಕ ಮಾನದಂಡ, ಮೂರನೆಯವರ ಕುಕಿಗಳನ್ನು ಬ್ರೌಸರುಗಳು ತಾವಾಗಿ ಒಪ್ಪಿಕೊಳ್ಳಬಾರದೆಂದು ಹೇಳಿತ್ತು. ಅದನ್ನು ಬರೆದ ಇಬ್ಬರಲ್ಲಿ ಮೊಂಟುಲ್ಲಿ ಒಬ್ಬರು. ಆದರೆ ಆಗಿನ ಎರಡು ದೊಡ್ಡ ಬ್ರೌಸರುಗಳಾದ ನೆಟ್‌ಸ್ಕೇಪ್ ಮತ್ತು ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಈ ಸಲಹೆಯನ್ನು ಪಾಲಿಸಲಿಲ್ಲ. ಆ ವೇಳೆಗಾಗಲೇ ಜಾಹೀರಾತಿನ ಹಣ ಹರಿಯತೊಡಗಿತ್ತು. ಓದುಗರಿಂದ ಚಂದಾ ಕೇಳದೆ ನಡೆಯುವ ತಾಣಗಳು ಇಂದಿಗೂ ಆ ಹಣವನ್ನೇ ನೆಚ್ಚಿಕೊಂಡಿವೆ. ಸುದ್ದಿ ತಾಣಗಳೂ ಇದಕ್ಕೆ ಹೊರತಲ್ಲ.

ಬ್ರೌಸರುಗಳ ದಾರಿ ಬೇರೆ ಬೇರೆ

ಆಪಲ್‌ನ ಸಫಾರಿ 2020ರ ಮಾರ್ಚ್‌ನಿಂದ ಮೂರನೆಯವರ ಕುಕಿಗಳನ್ನು ಪೂರ್ತಿ ತಡೆಯುತ್ತಿದೆ. ಫೈರ್‌ಫಾಕ್ಸ್ 2019ರ ಸೆಪ್ಟೆಂಬರ್‌ನಲ್ಲಿ ಜಾಡು ಹಿಡಿಯುವ ಕುಕಿಗಳಿಗೆ ಎಲ್ಲ ಬಳಕೆದಾರರ ಪರವಾಗಿ ತಡೆ ಹಾಕಿತು. 2022ರ ಜೂನ್‌ನಲ್ಲಿ ಅದು ಇನ್ನೊಂದು ಹೆಜ್ಜೆ ಮುಂದಿಟ್ಟು, ಪ್ರತಿ ತಾಣದ ಕುಕಿಗಳನ್ನೂ ಬೇರೆ ಬೇರೆ ಡಬ್ಬಿಯಲ್ಲಿಡುವ ವ್ಯವಸ್ಥೆ ತಂದಿತು. ಒಂದು ಡಬ್ಬಿಯಲ್ಲಿರುವುದು ಇನ್ನೊಂದು ತಾಣದಲ್ಲಿ ಕಾಣಿಸದು.

ಗೂಗಲ್‌ನ ಕ್ರೋಮ್ ಮಾತ್ರ ಹಿಂದೆಮುಂದೆ ನೋಡುತ್ತಲೇ ಬಂತು. ಎರಡು ವರ್ಷಗಳೊಳಗೆ ಮೂರನೆಯವರ ಕುಕಿಗಳನ್ನು ತೆಗೆದುಹಾಕುವುದಾಗಿ 2020ರ ಜನವರಿಯಲ್ಲಿ ಘೋಷಿಸಿದ ಸಂಸ್ಥೆ, ಗಡುವನ್ನು ಮೊದಲು 2023ಕ್ಕೆ, ಬಳಿಕ 2024ಕ್ಕೆ, ಅನಂತರ 2025ಕ್ಕೆ ಮುಂದೂಡಿತು. 2024ರ ಜುಲೈನಲ್ಲಿ ಆ ಯೋಜನೆಯನ್ನೇ ಕೈಬಿಟ್ಟು, ತಡೆಯಬೇಕೇ ಬೇಡವೇ ಎಂದು ಬಳಕೆದಾರರನ್ನೇ ಕೇಳುವುದಾಗಿ ಹೇಳಿತು. 2025ರ ಏಪ್ರಿಲ್‌ನಲ್ಲಿ ಆ ಪ್ರಶ್ನೆಯನ್ನೂ ಪ್ರತ್ಯೇಕವಾಗಿ ಕೇಳುವುದಿಲ್ಲವೆಂದಿತು. ಬ್ರೌಸರ್ ಮತ್ತು ಜಾಹೀರಾತು ವ್ಯಾಪಾರ ಎರಡೂ ಒಂದೇ ಸಂಸ್ಥೆಯ ಕೈಯಲ್ಲಿರುವುದನ್ನು ನೆನೆದರೆ ಈ ಹೊಯ್ದಾಟದಲ್ಲಿ ಆಶ್ಚರ್ಯವೇನಿಲ್ಲ. ಕ್ರೋಮ್‌ಗೆ ಬದಲಿ ಜಾಹೀರಾತು ವ್ಯವಸ್ಥೆಯನ್ನು ತರಲು ಹೊರಟಾಗ ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರವೂ ಪ್ರಶ್ನೆಗಳನ್ನೆತ್ತಿತ್ತು. ಒಟ್ಟಿನಲ್ಲಿ ಕ್ರೋಮ್ ಬಳಸುವವರು ಸ್ವತಃ ಗುಂಡಿ ಒತ್ತದಿದ್ದರೆ, ಸಾಮಾನ್ಯ ಕಿಟಕಿಯಲ್ಲಿ ಮೂರನೆಯವರ ಕುಕಿಗಳಿಗೆ ಬಾಗಿಲು ತೆರೆದೇ ಇರುತ್ತದೆ.

ಒಪ್ಪಿಗೆ ಕೇಳುವ ಫಲಕ

ತಾಣ ತೆರೆದೊಡನೆ ಅಡ್ಡ ಬರುವ ‘ಅಕ್ಸೆಪ್ಟ್ ಆಲ್’ ಫಲಕದ ಮೂಲ ಐರೋಪ್ಯ ಒಕ್ಕೂಟದ ಕಾನೂನು. ಅಲ್ಲಿನ 2002ರ ನಿರ್ದೇಶನಕ್ಕೆ 2009ರಲ್ಲಿ ಆದ ತಿದ್ದುಪಡಿ, ಅಗತ್ಯವಲ್ಲದ ಕುಕಿ ಇಡುವ ಮುನ್ನ ಒಪ್ಪಿಗೆ ಕೇಳಬೇಕೆಂದಿತು. 2018ರ ಮೇ 25ರಂದು ಜಾರಿಗೆ ಬಂದ ಜಿಡಿಪಿಆರ್ ಕಾನೂನು ಆ ಒಪ್ಪಿಗೆಯ ಗುಣಮಟ್ಟವನ್ನು ಬಿಗಿಗೊಳಿಸಿತು. ಮೊದಲೇ ಟಿಕ್ ಹಾಕಿಟ್ಟ ಚೌಕಗಳು ಒಪ್ಪಿಗೆಯೆನಿಸುವುದಿಲ್ಲ ಎಂದು ಒಕ್ಕೂಟದ ಉಚ್ಚ ನ್ಯಾಯಪೀಠ 2019ರ ಅಕ್ಟೋಬರ್ 1ರಂದು ತೀರ್ಪು ನೀಡಿತು. ಒಪ್ಪಲು ಒಂದೇ ಒತ್ತು ಸಾಕು, ನಿರಾಕರಿಸಲು ಹಲವು ಒತ್ತು ಬೇಕು ಎಂಬ ಕುತಂತ್ರಕ್ಕಾಗಿ ಫ್ರಾನ್ಸಿನ ದತ್ತಾಂಶ ರಕ್ಷಣಾ ಪ್ರಾಧಿಕಾರ ಗೂಗಲ್‌ಗೆ 15 ಕೋಟಿ ಯೂರೊ, ಫೇಸ್‌ಬುಕ್‌ಗೆ 6 ಕೋಟಿ ಯೂರೊ ದಂಡ ವಿಧಿಸಿದ್ದನ್ನು 2022ರ ಜನವರಿಯಲ್ಲಿ ಪ್ರಕಟಿಸಿತು.

ಕಾನೂನು ಸದುದ್ದೇಶದ್ದೇ. ಆದರೆ ದಿನಕ್ಕೆ ಹತ್ತು ಫಲಕ ಎದುರಾದರೆ ಹತ್ತನ್ನೂ ಓದುವ ವ್ಯವಧಾನ ಯಾರಿಗಿದೆ? ಜನ ಓದದೆ ಒಪ್ಪಿಗೆ ಒತ್ತಿ ಮುಂದೆ ಹೋಗುತ್ತಾರೆ. ಇದರಲ್ಲಿ ಇನ್ನೊಂದು ತಮಾಷೆಯೂ ಅಡಗಿದೆ. ‘ರಿಜೆಕ್ಟ್’ ಎಂದು ಒತ್ತಿದ್ದನ್ನು ತಾಣ ನೆನಪಿಟ್ಟುಕೊಳ್ಳುವುದು ಸಾಮಾನ್ಯವಾಗಿ ಇನ್ನೊಂದು ಕುಕಿಯ ಮೂಲಕ. ಎಲ್ಲ ಕುಕಿಗಳನ್ನೂ ಅಳಿಸಿಹಾಕಿದವರಿಗೆ ಮರುದಿನ ಅದೇ ಫಲಕ ಮತ್ತೆ ಎದುರಾಗುತ್ತದೆ.

ಭಾರತದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಇದಕ್ಕೆ ಅಡಿಪಾಯ ಹಾಕಿದ್ದು, ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ನೀಡಿದ ತೀರ್ಪು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ಕನ್ನಡಿಗರು ನೆನಪಿಡಬೇಕಾದ ಸಂಗತಿ. ಕಾಯ್ದೆಯಲ್ಲಿ ಕುಕಿ ಎಂಬ ಪದವಿಲ್ಲ. ಆದರೆ ಕುಕಿಯ ಮೂಲಕ ಒಬ್ಬ ವ್ಯಕ್ತಿಯನ್ನು ಗುರುತಿಸಬಹುದಾದರೆ ಆ ಮಾಹಿತಿಯೂ ವೈಯಕ್ತಿಕ ದತ್ತಾಂಶವೇ. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂತೆಗೆದುಕೊಳ್ಳುವುದೂ ಅಷ್ಟೇ ಸುಲಭವಿರಬೇಕು. 18 ವರ್ಷದೊಳಗಿನವರ ಜಾಡು ಹಿಡಿಯುವುದಕ್ಕೂ ಅವರನ್ನು ಗುರಿಯಾಗಿಸಿದ ಜಾಹೀರಾತಿಗೂ ನಿರ್ಬಂಧವಿದೆ. ಒಪ್ಪಿಗೆಯ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಇಲ್ಲವೇ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕೆಂಬ ವಿಧಿಯಿಂದಾಗಿ ಕನ್ನಡದಲ್ಲಿ ಕೇಳಿ ಪಡೆಯುವ ಹಕ್ಕೂ ಸಿಕ್ಕಿದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಸಂಸ್ಥೆಗಳ ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಕಾಲಾವಕಾಶ ನೀಡಲಾಗಿದೆ.

ಬಳಕೆದಾರರ ಕೈಯಲ್ಲಿರುವ ಗುಂಡಿ

ಫಲಕಗಳ ಜೊತೆ ಗುದ್ದಾಡುವುದಕ್ಕಿಂತ ಬ್ರೌಸರಿನಲ್ಲಿ ಒಮ್ಮೆ ಸರಿಯಾದ ಆಯ್ಕೆ ಮಾಡಿಕೊಳ್ಳುವುದು ಹೆಚ್ಚು ಫಲಕಾರಿ. ಫಲಕದಲ್ಲಿ ತಾಣವನ್ನು ನಂಬಬೇಕಾಗುತ್ತದೆ. ಇಲ್ಲಿ ಬಳಕೆದಾರರ ಗಣಕವೇ ತಡೆಯುತ್ತದೆ.

ಕ್ರೋಮ್‌ನಲ್ಲಿ ಮೇಲ್ತುದಿಯ ಮೂರು ಚುಕ್ಕಿಗಳನ್ನು ಒತ್ತಿ ‘ಸೆಟ್ಟಿಂಗ್ಸ್’, ಅಲ್ಲಿಂದ ‘ಪ್ರೈವೆಸಿ ಆಂಡ್ ಸೆಕ್ಯುರಿಟಿ’, ಅದರೊಳಗೆ ‘ಥರ್ಡ್ ಪಾರ್ಟಿ ಕುಕೀಸ್’ ಎಂಬಲ್ಲಿಗೆ ಹೋಗಿ ತಡೆಯುವ ಆಯ್ಕೆಯನ್ನು ಆರಿಸಬೇಕು. ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಇದೇ ಆಯ್ಕೆ ‘ಸೈಟ್ ಸೆಟ್ಟಿಂಗ್ಸ್’ ಒಳಗೆ ಸಿಗುತ್ತದೆ. ಆವೃತ್ತಿ ಬದಲಾದಂತೆ ಪದಗಳು ಅತ್ತಿತ್ತ ಸರಿಯುವುದುಂಟು. ಕುಕಿ ಎಂಬ ಪದವನ್ನು ಸೆಟ್ಟಿಂಗ್ಸ್‌ನ ಹುಡುಕು ಪೆಟ್ಟಿಗೆಯಲ್ಲಿ ಬರೆದರೂ ಜಾಗ ತಿಳಿಯುತ್ತದೆ. ಫೈರ್‌ಫಾಕ್ಸ್‌ನಲ್ಲಿ ‘ಸ್ಟಾಂಡರ್ಡ್’ ಮಟ್ಟವೇ ಸಾಮಾನ್ಯ ಬಳಕೆಗೆ ಸಾಕು, ಬೇಕೆನಿಸಿದವರು ‘ಸ್ಟ್ರಿಕ್ಟ್’ ಆರಿಸಬಹುದು. ಮೈಕ್ರೋಸಾಫ್ಟ್‌ನ ಎಡ್ಜ್‌ನಲ್ಲಿ ‘ಟ್ರ್ಯಾಕಿಂಗ್ ಪ್ರಿವೆನ್ಷನ್’ ಎಂಬಲ್ಲಿ ಮೂರು ಮಟ್ಟಗಳಿವೆ. ಐಫೋನಿನ ಸಫಾರಿಯಲ್ಲಿ ‘ಪ್ರಿವೆಂಟ್ ಕ್ರಾಸ್-ಸೈಟ್ ಟ್ರ್ಯಾಕಿಂಗ್’ ಮೊದಲೇ ಚಾಲೂ ಇರುತ್ತದೆ, ಯಾರಾದರೂ ಆರಿಸಿದ್ದಾರೆಯೇ ಎಂದು ನೋಡಿಕೊಂಡರಾಯಿತು.

ಎಲ್ಲ ಕುಕಿಗಳನ್ನೂ ತಡೆಯುವ ಆಯ್ಕೆ ಕೆಲವು ಬ್ರೌಸರುಗಳಲ್ಲಿದೆ. ಅದನ್ನು ಮುಟ್ಟದಿರುವುದೇ ಲೇಸು. ಇಮೇಲ್‌ಗೆ ಲಾಗಿನ್ ಆಗಲು, ವಿದ್ಯುತ್ ಬಿಲ್ ಕಟ್ಟಲು, ಬಸ್ಸಿನ ಸೀಟು ಕಾಯ್ದಿರಿಸಲು ತಾಣದ ಸ್ವಂತ ಕುಕಿ ಬೇಕೇಬೇಕು. ಮೂರನೆಯವರ ಕುಕಿಗಳನ್ನು ಮಾತ್ರ ತಡೆದಾಗ ಬಹುಪಾಲು ತಾಣಗಳು ಎಂದಿನಂತೆ ನಡೆಯುತ್ತವೆ. ಎಲ್ಲೋ ಒಂದೆಡೆ ಪುಟದೊಳಗಿನ ವಿಡಿಯೊ ತೆರೆಯದಿರಬಹುದು, ಬೇರೊಂದು ಖಾತೆಯ ಮೂಲಕ ಲಾಗಿನ್ ಆಗುವುದು ತಡೆಹಿಡಿಯಬಹುದು. ಆಗ ಆ ತಾಣವೊಂದಕ್ಕೆ ಮಾತ್ರ ವಿನಾಯಿತಿ ಕೊಡುವ ಅವಕಾಶವೂ ಉಂಟು.

ಹಳೆಯ ಕುಕಿಗಳನ್ನು ಅಳಿಸುವಾಗ ಒಂದು ಎಚ್ಚರ ಬೇಕು. ಕ್ರೋಮ್‌ನ ಅಳಿಸುವ ಪಟ್ಟಿಯಲ್ಲಿ ಕುಕಿ, ಭೇಟಿಯ ಚರಿತ್ರೆ, ಉಳಿಸಿಟ್ಟ ಪಾಸ್‌ವರ್ಡ್ ಎಲ್ಲಕ್ಕೂ ಬೇರೆ ಬೇರೆ ಚೌಕಗಳಿವೆ. ಅವಸರದಲ್ಲಿ ಎಲ್ಲಕ್ಕೂ ಟಿಕ್ ಹಾಕಿ ಪಾಸ್‌ವರ್ಡುಗಳನ್ನು ಕಳೆದುಕೊಂಡು ಪರಿತಪಿಸುವವರಿದ್ದಾರೆ. ಕುಕಿಯನ್ನಷ್ಟೇ ಅಳಿಸಿದರೆ ಪಾಸ್‌ವರ್ಡುಗಳು ಉಳಿಯುತ್ತವೆ, ಆದರೆ ಹೆಚ್ಚಿನ ತಾಣಗಳಿಗೆ ಮತ್ತೆ ಲಾಗಿನ್ ಆಗಬೇಕಾಗುತ್ತದೆ. ಪರಿಚಿತ ಸಾಧನವೆಂಬ ಗುರುತು ಹೋಗಿರುವುದರಿಂದ ಒಟಿಪಿಯನ್ನೂ ಹೊಸದಾಗಿ ಕೇಳಬಹುದು.

ಟೋಕನ್ ಕಳುವಾದರೆ

ಜಾಹೀರಾತು ಕಿರಿಕಿರಿಯಾದರೆ, ಲಾಗಿನ್ ಕುಕಿಯ ಕಳವು ನೇರ ನಷ್ಟ. ಚಪ್ಪಲಿ ಟೋಕನ್ ಕದ್ದವನಿಗೆ ಸ್ಟ್ಯಾಂಡಿನವರು ಮರುಮಾತಿಲ್ಲದೆ ಚಪ್ಪಲಿ ಕೊಟ್ಟುಬಿಡುವ ಹಾಗೆ, ಲಾಗಿನ್ ಆಗಿರುವ ಕುಕಿಯನ್ನು ನಕಲು ಮಾಡಿಕೊಂಡವನಿಗೆ ಅನೇಕ ತಾಣಗಳಲ್ಲಿ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. 2010ರ ಅಕ್ಟೋಬರ್‌ನಲ್ಲಿ ಎರಿಕ್ ಬಟ್ಲರ್ ಎಂಬ ಪ್ರೋಗ್ರಾಮರ್ ‘ಫೈರ್‌ಶೀಪ್’ ಎಂಬ ಫೈರ್‌ಫಾಕ್ಸ್ ಜೋಡಣೆಯನ್ನು ಬಿಡುಗಡೆ ಮಾಡಿ ಇದನ್ನು ಜಗಜ್ಜಾಹೀರು ಮಾಡಿದರು. ಬಾಗಿಲಿಲ್ಲದ ಸಾರ್ವಜನಿಕ ವೈಫೈನಲ್ಲಿ ಕುಳಿತವರ ಫೇಸ್‌ಬುಕ್ ಖಾತೆಯೊಳಗೆ ಪಕ್ಕದವರು ಒಂದೇ ಒತ್ತಿಗೆ ಹೊಕ್ಕಬಹುದಾಗಿತ್ತು. ದೊಡ್ಡ ತಾಣಗಳು ಪ್ರತಿ ಪುಟವನ್ನೂ ಎಚ್‌ಟಿಟಿಪಿಎಸ್ ಎಂಬ ಗೂಢಲಿಪಿಯ ದಾರಿಗೆ ತಂದದ್ದು ಅದರ ನಂತರದ ವರ್ಷಗಳಲ್ಲಿ.

ಗಾಳಿಯಲ್ಲಿ ಕದಿಯುವುದು ಕಷ್ಟವಾದ ಮೇಲೆ ಕಳ್ಳರು ಮನೆಯೊಳಗೇ ಬರತೊಡಗಿದ್ದಾರೆ. ಕದ್ದ ತಂತ್ರಾಂಶ, ಆಟಗಳ ‘ಕ್ರ್ಯಾಕ್’, ಗೊತ್ತಿಲ್ಲದ ಬ್ರೌಸರ್ ಎಕ್ಸ್‌ಟೆನ್ಷನ್‌ಗಳ ಜೊತೆ ಬರುವ ದುಷ್ಟ ತಂತ್ರಾಂಶಗಳು ಬ್ರೌಸರಿನ ಕುಕಿಗಳನ್ನೇ ಎತ್ತಿ ರವಾನಿಸುತ್ತವೆ. ಬ್ಯಾಂಕುಗಳ ತಾಣ ಕೆಲವೇ ನಿಮಿಷ ಸುಮ್ಮನಿದ್ದರೂ ‘ಸೆಷನ್ ಎಕ್ಸ್‌ಪೈರ್ಡ್’ ಎಂದು ಹೊರಹಾಕುವುದು ಗ್ರಾಹಕರ ತಾಳ್ಮೆ ಪರೀಕ್ಷಿಸಲಿಕ್ಕಲ್ಲ, ಕದ್ದ ಟೋಕನ್ ಬಹಳ ಹೊತ್ತು ಬಾಳಬಾರದೆಂದು. ಸಂಶಯ ಬಂದರೆ ಖಾತೆಯ ಭದ್ರತಾ ಪುಟದಲ್ಲಿ ‘ಎಲ್ಲ ಸಾಧನಗಳಿಂದ ಲಾಗ್‌ಔಟ್’ ಎಂಬ ಅರ್ಥದ ಆಯ್ಕೆಯನ್ನು ಬಳಸಬೇಕು. ಆಗ ಹಳೆಯ ಟೋಕನ್ನುಗಳೆಲ್ಲ ಸರ್ವರಿನಲ್ಲೇ ರದ್ದಾಗುತ್ತವೆ. ಸೋಂಕಿದ ಗಣಕವನ್ನು ಶುಚಿ ಮಾಡಿದ ಬಳಿಕ, ಇಲ್ಲವೇ ಬೇರೆ ಸಾಧನದಿಂದ, ಪಾಸ್‌ವರ್ಡನ್ನೂ ಬದಲಿಸಬೇಕು.

ಸೈಬರ್ ಸೆಂಟರ್, ಜೆರಾಕ್ಸ್ ಅಂಗಡಿ, ಕಾಲೇಜಿನ ಲ್ಯಾಬ್‌ಗಳಲ್ಲಿ ಅರ್ಜಿ ತುಂಬುವವರು ಮಾಡುವ ಸಾಮಾನ್ಯ ತಪ್ಪು ಕಿಟಕಿಯನ್ನು ಮುಚ್ಚಿ ಎದ್ದುಬಿಡುವುದು. ಹಿಂದೆ ತೆರೆದಿದ್ದ ಪುಟಗಳನ್ನು ಮತ್ತೆ ತೆರೆಯುವಂತೆ ಬ್ರೌಸರನ್ನು ಹೊಂದಿಸಿದ್ದರೆ, ಅಲ್ಪಾಯುಷಿ ಸೆಷನ್ ಕುಕಿಯೂ ಬದುಕುಳಿಯುತ್ತದೆ. ಮುಂದೆ ಆ ಕುರ್ಚಿಯಲ್ಲಿ ಕುಳಿತವರಿಗೆ ಹಿಂದಿನವರ ಇಮೇಲ್ ತೆರೆದೇ ಸಿಗಬಹುದು. ಲಾಗ್‌ಔಟ್ ಒತ್ತುವುದು ಇಲ್ಲಿ ಅನಿವಾರ್ಯ.

ಇಂಥ ಗಣಕಗಳಲ್ಲಿ ಇನ್‌ಕಾಗ್ನಿಟೊ ಎಂಬ ಖಾಸಗಿ ಕಿಟಕಿ ಉಪಯುಕ್ತ. ಅದನ್ನು ಮುಚ್ಚಿದಾಗ ಅದರ ಕುಕಿಗಳೂ ಅಳಿಯುತ್ತವೆ. ಆದರೆ ಅದು ಮರೆಮಾಡುವುದು ಅದೇ ಗಣಕವನ್ನು ಬಳಸುವ ಮುಂದಿನವರಿಂದ. ತಾಣಗಳಿಂದಾಗಲೀ ಇಂಟರ್‌ನೆಟ್ ಸೇವೆ ಕೊಡುವ ಸಂಸ್ಥೆಯಿಂದಾಗಲೀ ಅಲ್ಲ. ಈ ವ್ಯತ್ಯಾಸವನ್ನು ಗೂಗಲ್ ಸ್ಪಷ್ಟವಾಗಿ ಹೇಳಲಿಲ್ಲವೆಂದು 2020ರಲ್ಲಿ ಅಮೆರಿಕದಲ್ಲಿ ಹೂಡಿದ್ದ ದಾವೆ, ಕೋಟ್ಯಂತರ ದಾಖಲೆಗಳನ್ನು ನಾಶಪಡಿಸಲು ಸಂಸ್ಥೆ 2024ರಲ್ಲಿ ಒಪ್ಪುವುದರೊಂದಿಗೆ ರಾಜಿಯಾಯಿತು.

ಆಪ್‌ಗಳಿಗೆ ಬೇರೆ ಗುಂಡಿ

ಇಷ್ಟೆಲ್ಲ ಮಾಡಿದ ಮೇಲೂ ಜಾಡು ಪೂರ್ತಿ ಅಳಿಸಿತೆಂದಲ್ಲ. ಪರದೆಯ ಅಳತೆ, ಅಕ್ಷರಗಳ ಫಾಂಟ್, ಗಣಕದ ಬಗೆ ಮುಂತಾದವುಗಳನ್ನು ಒಟ್ಟುಗೂಡಿಸಿ ಕುಕಿಯಿಲ್ಲದೆಯೇ ಗುರುತು ಹಿಡಿಯುವ ವಿದ್ಯೆ ಇದೆ. ಅದಕ್ಕೆ ಫಿಂಗರ್‌ಪ್ರಿಂಟಿಂಗ್ ಎಂದು ಹೆಸರು. ಅದನ್ನು ತಡೆಯಲು ಒಂದೇ ಗುಂಡಿ ಇಲ್ಲ.

ಮಾರಾಟ ತಾಣವನ್ನು ಬ್ರೌಸರಿನಲ್ಲಲ್ಲದೆ ಆಪ್ ಮೂಲಕ ಬಳಸುವವರಿಗೆ ಮೇಲಿನ ಕುಕಿ ಗುಂಡಿಗಳಿಂದ ಹೆಚ್ಚಿನ ಪ್ರಯೋಜನವಿಲ್ಲ. ಆಪ್‌ಗಳು ಫೋನಿನ ಜಾಹೀರಾತು ಗುರುತಿನ ಸಂಖ್ಯೆಯನ್ನು ಬಳಸುತ್ತವೆ. ಬ್ರೌಸರಿಗೆ ಬೇಡವೆಂದು ಮೊಂಟುಲ್ಲಿ ತಳ್ಳಿಹಾಕಿದ್ದ ಏಕಸಂಖ್ಯೆಯೇ ಇಲ್ಲಿ ಬೇರೆ ಬಾಗಿಲಿನಿಂದ ಒಳಬಂದಿದೆ ಎನ್ನಬಹುದು. ಐಫೋನುಗಳಲ್ಲಿ 2021ರ ಏಪ್ರಿಲ್‌ನಿಂದ ಪ್ರತಿ ಆಪ್ ಈ ಸಂಖ್ಯೆಗಾಗಿ ಅನುಮತಿ ಕೇಳಬೇಕು. ‘ಆಸ್ಕ್ ಆಪ್ ನಾಟ್ ಟು ಟ್ರ್ಯಾಕ್’ ಒತ್ತಿದರೆ ಅದು ಸಿಗದು. ಆಂಡ್ರಾಯ್ಡ್ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ‘ಪ್ರೈವೆಸಿ’ ಅಥವಾ ‘ಗೂಗಲ್’ ವಿಭಾಗದ ‘ಆಡ್ಸ್’ ಎಂಬಲ್ಲಿ ಈ ಸಂಖ್ಯೆಯನ್ನು ಅಳಿಸುವ ಆಯ್ಕೆ ಇದೆ. ಅಳಿಸಿದ ಮೇಲೆ ಆಪ್‌ಗಳಿಗೆ ಆ ಜಾಗದಲ್ಲಿ ಕಾಣುವುದು ಸೊನ್ನೆಗಳ ಸಾಲು.